ನಿಧಿ ಹುಡುಕುವ ಆಟ ಮತ್ತು ಸೊನ್ನಲಿಗೆಯ ಅರವತ್ತೆಂಟು ಲಿಂಗಗಳು



ನಿಧಿಯ ಮಾತು ಬಾರದ ಊರು ನಮ್ಮ ಸೀಮೆಯಲ್ಲಿ ಇಲ್ಲವೆಂದೇ ಹೇಳಬೇಕು. ಹಾಳುಗುಡಿಯ ಹಿಂದೆ ಏಳು ಕೊಪ್ಪರಿಗೆ ಹೊನ್ನು ಹೂತಿದೆಯಂತೆ, ಹೆಡೆಯೆತ್ತಿದ ನಾಗ ಅದನ್ನು ಕಾಯುತ್ತಿದೆಯಂತೆ, ಕಾಲು ಮುಂದಾಗಿ ಹುಟ್ಟಿದವನ ಕಣ್ಣಿಗೆ ಮಾತ್ರ ಅದು ಬೀಳುತ್ತದಂತೆ. ಕನ್ನಡ ಮಾತಾಡುವ ಅಜ್ಜಿ ಅದನ್ನು ಕೊಪ್ಪರಿಗೆ ಎನ್ನುತ್ತಾಳೆ. ಪಕ್ಕದ ಮನೆಯ ಮರಾಠಿ ಆಜಿ ಗುಪ್ತಧನ ಎನ್ನುತ್ತಾಳೆ, ಕಾಲು ಮುಂದಾಗಿ ಹುಟ್ಟಿದವನಿಗೆ ಪಾಯಾಳು ಎಂಬ ಹೆಸರನ್ನೂ ಕೊಡುತ್ತಾಳೆ. ಭಾಷೆ ಎರಡಾದರೂ ಕಥೆ ಒಂದೇ. ಇವತ್ತು ನಾನು ಹೇಳಬೇಕೆಂದಿರುವುದು ಇನ್ನೊಂದು ಬಗೆಯ ನಿಧಿಶೋಧದ ಸಂಗತಿ. ಅದರಲ್ಲಿ ಗುದ್ದಲಿ ಇಲ್ಲ, ಹಾರೆ ಇಲ್ಲ, ಅಮಾವಾಸ್ಯೆಯೂ ಬೇಕಿಲ್ಲ.

ಹೊರದೇಶಗಳಲ್ಲಿ ಜಿಯೋಕ್ಯಾಶಿಂಗ್ ಎಂಬ ಒಂದು ಆಟ ನಡೆಯುತ್ತದೆ. ಭೂಮಿಯಿಂದ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಮೆರಿಕದ ಉಪಗ್ರಹಗಳು ನಾವು ನಿಂತ ಜಾಗ ಯಾವುದೆಂದು ತಿಳಿಸಬಲ್ಲವು. ಮೊದಲು ಆ ಸರಕಾರ ಸಾಮಾನ್ಯ ಜನರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಬ್ಬು ಮಾಡಿ ಇಟ್ಟಿತ್ತು. ಲೆಕ್ಕ 100 ಮೀಟರಿನಷ್ಟು ಅತ್ತಿತ್ತ ಆಗುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಆ ಮಬ್ಬನ್ನು ತೆಗೆದರು. ಮೇ 3ರಂದೇ ಡೇವ್ ಉಲ್ಮರ್ ಎಂಬವರು ಆರೆಗಾನ್ ರಾಜ್ಯದ ಒಂದು ಕಾಡಂಚಿನಲ್ಲಿ ಒಂದು ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿ, ಹುಡುಕಿರಿ ನೋಡೋಣ ಎಂದರು. ಬಕೆಟ್ಟಿನಲ್ಲಿ ಪುಸ್ತಕ, ಕ್ಯಾಸೆಟ್ಟು, ಒಂದು ಕವಣೆ, ಒಂದು ಡಬ್ಬಿ ಬೇಯಿಸಿದ ಕಾಳು, ಜೊತೆಗೆ ಒಂದು ವಹಿ ಮತ್ತು ಪೆನ್ಸಿಲ್ಲು. ಸಿಕ್ಕವರು ಒಂದನ್ನು ತೆಗೆದುಕೊಳ್ಳಬಹುದು, ಬದಲಿಗೆ ಒಂದನ್ನು ಇಡಬೇಕು, ವಹಿಯಲ್ಲಿ ಹೆಸರು ಬರೆಯಬೇಕು. ಆಟವೆಂದರೆ ಇಷ್ಟೇ. ದೊಡ್ಡವರು ಆಡುವ ಕಣ್ಣಾಮುಚ್ಚಾಲೆ ಎಂದುಕೊಳ್ಳಿ.

ಇಂಗ್ಲೆಂಡಿನಲ್ಲಿ ಇದಕ್ಕೆ ಇನ್ನೂ ಹಳೆಯ ಬೇರು ಇದೆ. ಡಾರ್ಟ್‌ಮೂರ್ ಎಂಬ ಬಯಲಿನಲ್ಲಿ 1854ರಲ್ಲಿ ಜೇಮ್ಸ್ ಪೆರಟ್ ಎಂಬ ದಾರಿತೋರಕ ಒಂದು ಬಾಟಲಿ ಇಟ್ಟು, ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿ ಅದರಲ್ಲಿ ಹಾಕಬೇಕೆಂಬ ರೂಢಿ ಹಾಕಿದ್ದ. ಈಗ ಅಲ್ಲಿಯ ಎಷ್ಟೋ ಹಳ್ಳಿಗಳ ಹಳೆಯ ಚರ್ಚುಗಳ ಸುತ್ತ ಬೆರಳುದ್ದದ ಡಬ್ಬಿಗಳು ಅಡಗಿ ಕೂತಿವೆ. ಹುಡುಕಲು ಬಂದವನು ನೇರವಾಗಿ ಡಬ್ಬಿಗೆ ಹೋಗಲಾರ. ಮೊದಲು ಚರ್ಚಿನ ಬಾಗಿಲ ಮೇಲಿನ ಇಸವಿ ನೋಡಬೇಕು, ಯುದ್ಧದಲ್ಲಿ ಸತ್ತ ಊರವರ ಸ್ಮಾರಕದಲ್ಲಿ ಹೆಸರುಗಳನ್ನು ಎಣಿಸಬೇಕು, ಆ ಅಂಕಿಗಳನ್ನು ಕೂಡಿ ಕಳೆದು ಮುಂದಿನ ಜಾಗದ ಗುರುತು ಪಡೆಯಬೇಕು. ಡಬ್ಬಿ ಸಿಗುವ ಹೊತ್ತಿಗೆ ಆ ಊರಿನ ಐದುನೂರು ವರ್ಷದ ಚರಿತ್ರೆ ಅವನ ತಲೆಯಲ್ಲಿ ಬಂದು ಕೂತಿರುತ್ತದೆ. ಆಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಡಬ್ಬಿಯನ್ನು ನೆಲದಲ್ಲಿ ಹೂಳುವ ಹಾಗಿಲ್ಲ. ಹೂಳದ ಮೇಲೆ ಅಗೆಯುವ ಮಾತೇ ಬರುವುದಿಲ್ಲ. ಈ ನಿಯಮವನ್ನು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಿರಿ.

ಇಷ್ಟು ದೂರದ ಮಾತು ಯಾಕೆ ಎಂದು ಕೇಳುವಿರಿ. ಉಪಗ್ರಹವಿಲ್ಲದೆ, ಡಬ್ಬಿಯಿಲ್ಲದೆ, ಗುಡಿಯ ಸುತ್ತ ಅಡಗಿದ ಗುರುತುಗಳನ್ನು ಒಂದೊಂದಾಗಿ ಹುಡುಕುತ್ತ ಹೋಗುವ ಕೆಲಸ ನಮ್ಮ ಸೊಲ್ಲಾಪುರದಲ್ಲಿ ತಲೆತಲಾಂತರದಿಂದ ನಡೆದು ಬಂದಿದೆ. ಸಂಕ್ರಾಂತಿಯ ಗಡ್ಡಾ ಜಾತ್ರೆಗೆ ಹೋದವರಿಗೆ ಅದು ಗೊತ್ತು.

ಹನ್ನೆರಡನೆಯ ಶತಮಾನದಲ್ಲಿ ಈ ಊರಿನ ಹೆಸರು ಸೊನ್ನಲಿಗೆ. ಇಲ್ಲಿ ಮುದ್ದುಗೌಡ ಮತ್ತು ಸುಗ್ಗಲೆಯರ ಮಗನಾಗಿ ಹುಟ್ಟಿದ ಸಿದ್ಧರಾಮನು ಕೆರೆ ತೋಡಿಸಿದ, ಗುಡಿ ಕಟ್ಟಿಸಿದ, ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಕನ್ನಡ ವಚನಗಳನ್ನು ಬರೆದ. ರಾಘವಾಂಕ ಕವಿ ಅವನ ಮೇಲೆ ‘ಸಿದ್ಧರಾಮ ಚಾರಿತ್ರ’ ಎಂಬ ಕಾವ್ಯವನ್ನೇ ರಚಿಸಿದ್ದಾನೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ, ಎಲ್ಲಿ ನಿಮ್ಮ ಒಡ್ಡರಾಮ ಎಂದು ಕೂಗಿ ಕೇಳಿದನೆಂದು ಶೂನ್ಯಸಂಪಾದನೆಯ ಕಥೆ ಹೇಳುತ್ತದೆ. ಮಣ್ಣು ಅಗೆಯುವವನು ಎಂಬ ಹೀಯಾಳಿಕೆ ಅದು. ಸಿದ್ಧರಾಮ ಅಗೆದದ್ದು ನಿಜ. ಆದರೆ ಅವನು ಅಗೆದದ್ದು ನೀರಿಗಾಗಿ. ಆ ಕೆರೆಯ ನಡುವೆಯೇ ಇಂದಿನ ಸಿದ್ಧೇಶ್ವರ ಗುಡಿಯಿದೆ.

ಅವನು ಸೊನ್ನಲಿಗೆಯ ಸುತ್ತ ಅರವತ್ತೆಂಟು ಲಿಂಗಗಳನ್ನು ಸ್ಥಾಪಿಸಿದನೆಂಬುದು ಪರಂಪರೆಯ ಮಾತು. ಜೊತೆಗೆ ಎಂಟು ಗಣಪತಿ, ಎಂಟು ಭೈರವ. ಅರವತ್ತೆಂಟು ಎಂಬ ಅಂಕಿ ಸುಮ್ಮನೆ ಬಂದದ್ದಲ್ಲ. ಭರತಖಂಡದಲ್ಲಿ ಶಿವನ ಅರವತ್ತೆಂಟು ಮುಖ್ಯ ತೀರ್ಥಗಳು ಎಂದು ಹಳೆಯ ಎಣಿಕೆಯಿದೆ. ಕಾಶಿ ಕೇದಾರಕ್ಕೆ ಹೋಗಲು ಒಕ್ಕಲಿಗನಿಗೆ ಪುರಸೊತ್ತೂ ಇಲ್ಲ, ಗಂಟಿನಲ್ಲಿ ಕಾಸೂ ಇಲ್ಲ. ಅವನಿಗಾಗಿ ಇಡೀ ದೇಶವನ್ನು ಒಂದು ಊರಿನ ಸುತ್ತ ಹರಡಿ ಇಟ್ಟಂತಾಯಿತು. ಒಂದು ದಿನದ ನಡಿಗೆಯಲ್ಲಿ ದೇಶ ಸುತ್ತಿದ ಪುಣ್ಯ.

ಆಗ ಹೊಲ, ಹಳ್ಳ, ಬಯಲಿನಲ್ಲಿ ಇದ್ದ ಲಿಂಗಗಳ ಮೇಲೆ ಆಮೇಲೆ ಶಹರ ಬೆಳೆಯಿತು. ಕೋಟೆ ಬಂತು, ಪೇಟೆ ಬಂತು, ಗಿರಣಿಗಳು ಬಂದವು. ಕೋಟೆಯ ಒಳಗೆ ಮಲ್ಲಿಕಾರ್ಜುನ ಗುಡಿಯ ಅವಶೇಷಗಳನ್ನು ಇಂದಿಗೂ ನೋಡಬಹುದು. ಲಿಂಗಗಳಲ್ಲಿ ಕೆಲವು ರಸ್ತೆಯ ಬದಿಗೆ ಇವೆ, ಕೆಲವು ಬೋಳಗಳಲ್ಲಿ, ಕೆಲವು ಮನೆಗಳ ಅಂಗಳದಲ್ಲಿ. ಪಟ್ಟಿ ಹಿಡಿದು ಒಬ್ಬರೇ ಹುಡುಕುತ್ತ ಹೊರಟರೆ ಶಹರ ಬಲ್ಲವರೂ ದಾರಿ ತಪ್ಪುತ್ತಾರೆ. ಆದರೆ ವರ್ಷಕ್ಕೊಮ್ಮೆ ಅವು ಅರವತ್ತೆಂಟೂ ತಪ್ಪದೆ ಸಿಗುತ್ತವೆ. ಭೋಗಿಯ ಹಿಂದಿನ ದಿನ, ಸಾಮಾನ್ಯವಾಗಿ ಜನವರಿ 12ರಂದು, ಬಾಳಿವೇಸಿನ ಹಿರೇಹಬ್ಬು ವಾಡೆಯಿಂದ ಏಳು ನಂದಿಕೋಲುಗಳು ಹೊರಡುತ್ತವೆ. ಬಿಳಿಯ ಬಾರಾಬಂದಿ ತೊಟ್ಟ ಭಕ್ತರು ಅವನ್ನು ಹೊತ್ತು ಅರವತ್ತೆಂಟು ಲಿಂಗಗಳನ್ನು ಸುತ್ತುತ್ತಾರೆ. ಪ್ರತಿ ಲಿಂಗಕ್ಕೂ ಎಣ್ಣೆಯ ಅಭಿಷೇಕ. ಬೆಳಿಗ್ಗೆ ಹೊರಟದ್ದು ಮುಗಿಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಕಾಗದದ ನಕಾಶೆ ಇಲ್ಲದಿದ್ದರೂ ಕಾಲಿಗೆ ದಾರಿ ಗೊತ್ತು. ಒಂದು ಲಿಂಗದ ಸುತ್ತ ಹೊಸ ಗೋಡೆ ಎದ್ದರೂ ವರ್ಷಕ್ಕೊಮ್ಮೆ ನಂದಿಕೋಲು ಬಂದು ಬಾಗಿಲು ತೆಗೆಸುತ್ತದೆ. ಇಂಥ ಹುಡುಕಾಟದಿಂದಲೇ ಆ ಲಿಂಗಗಳು ಕಳೆದುಹೋಗದೆ ಉಳಿದವು ಎಂದು ನನ್ನ ಅಭಿಪ್ರಾಯ.

ಇಲ್ಲಿ ನಮ್ಮ ಕಿವಿಗೆ ಬೀಳಬೇಕಾದ ಇನ್ನೊಂದು ಸಂಗತಿ ಇದೆ. ಮರಾಠಿ ಪತ್ರಿಕೆಗಳು ಈ ಎಣ್ಣೆಯ ಅಭಿಷೇಕವನ್ನು ‘ಯಣ್ಣಿಮಜ್ಜನ’ ಎಂದೇ ಅಚ್ಚು ಹಾಕುತ್ತವೆ. ನಮ್ಮ ಎಣ್ಣೆ, ನಮ್ಮ ಮಜ್ಜನ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ. ಯೋಗಿಯನ್ನು ವರಿಸಬಯಸಿದ ಕುಂಬಾರ ಕನ್ಯೆಗೆ ಅವನ ಯೋಗದಂಡದೊಡನೆ ಮದುವೆಯಾಯಿತೆಂಬ ಕಥೆಯ ನೆನಪಿಗೆ ಅದು ನಡೆಯುತ್ತದೆ. ಅಕ್ಷತೆಯ ಹೊತ್ತಿನಲ್ಲಿ ಸತ್ಯಂ ಎಂದ ಮೇಲೆ ದಿಡ್ಡಂ ಎಂಬ ಉದ್ಗಾರ ಕೇಳುತ್ತದೆ. ಕನ್ನಡ ಬಲ್ಲವನಿಗೆ ದಿಟ ಎಂಬ ಮಾತು ನೆನಪಾಗದೆ ಇರದು. ಜಾತ್ರೆಯ ಕೊನೆಯ ವಿಧಿ ‘ಕಪ್ಪಡಕಳ್ಳಿ’. ಕಪ್ಪಡವೆಂದರೆ ಬಟ್ಟೆ. ನಂದಿಕೋಲಿಗೆ ತೊಡಿಸಿದ ಬಟ್ಟೆಯನ್ನು ಅಂದು ಕಳೆಯುತ್ತಾರೆ. ಲಕ್ಷಾಂತರ ಮರಾಠಿ, ತೆಲುಗು, ಕನ್ನಡ ಜನ ಸೇರಿ ಆಡುವ ಜಾತ್ರೆಯಲ್ಲಿ ಈ ಮಾತುಗಳು ಯಾರ ಒತ್ತಾಯವೂ ಇಲ್ಲದೆ ಉಳಿದಿವೆ.

ಇನ್ನು ಶಹರ ಬಿಟ್ಟು ನಮ್ಮ ಹಳ್ಳಿಗಳಿಗೆ ಬರೋಣ. ಸೊಲ್ಲಾಪುರದಿಂದ ಅಕ್ಕಲಕೋಟ ಸುಮಾರು 40 ಕಿಲೋಮೀಟರ್. ಈ ಸೀಮೆಯನ್ನು ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ದೇವಗಿರಿಯ ಯಾದವರು ಒಬ್ಬರ ಹಿಂದೊಬ್ಬರು ಆಳಿದರು. ಅವರ ಕಾಲದ ಬರಹದ ಕಲ್ಲುಗಳು ಹಳ್ಳಿಹಳ್ಳಿಯಲ್ಲಿ ಇವೆ. ಹನುಮಂತನ ಗುಡಿಯ ಗೋಡೆಯಲ್ಲಿ, ಅಗಸಿಯ ಮಗ್ಗುಲಲ್ಲಿ, ಬಾವಿಯ ದಂಡೆಯಲ್ಲಿ, ಕೆಲವೊಮ್ಮೆ ಬಟ್ಟೆ ಒಗೆಯುವ ಕಲ್ಲಾಗಿ ಮಗುಚಿ ಬಿದ್ದು. ಈ ಕಲ್ಲುಗಳಿಗೆ ನಂದಿಕೋಲಿನ ಭಾಗ್ಯವಿಲ್ಲ. ವರ್ಷಕ್ಕೊಮ್ಮೆ ಹುಡುಕಿಕೊಂಡು ಬರುವವರಿಲ್ಲ. ಹುಡುಕಿಕೊಂಡು ಬರುವವರು ಬೇರೆ ತರದವರು, ರಾತ್ರಿ ಬರುವವರು.

ಅವರ ತರ್ಕ ಹೀಗೆ. ಕಲ್ಲಿನ ಮೇಲೆ ಓದಲಾಗದ ಅಕ್ಷರವಿದೆ, ಅಂದಮೇಲೆ ಏನೋ ಗುಟ್ಟು ಇದೆ. ಸೂರ್ಯ ಚಂದ್ರ ಇದ್ದಾರೆ, ಅಂದರೆ ಹಗಲು ರಾತ್ರಿಯ ಮುಹೂರ್ತ. ಹಸು ಕರು ಇದೆ, ಅಂದರೆ ತಾಯಿಯ ಕೆಳಗೆ ಮರಿ, ದೊಡ್ಡ ಗಂಟಿನ ಕೆಳಗೆ ಸಣ್ಣ ಗಂಟು. ಕತ್ತಿ ಇದೆ, ಅದರ ತುದಿ ತೋರುವ ದಿಕ್ಕಿಗೆ ಅಗೆಯಬೇಕು! ನಗು ಬರುತ್ತದೆ. ಆದರೆ ಈ ತರ್ಕದಿಂದ ಒಡೆದ ಕಲ್ಲುಗಳನ್ನು ನೋಡಿದರೆ ನಗು ನಿಲ್ಲುತ್ತದೆ. ಎರಡು ತುಂಡಾದ ಶಾಸನದ ಒಂದು ತುಂಡು ಹೊಲದ ಬದುವಿಗೆ ಹೋಗಿ, ಇನ್ನೊಂದು ತುಂಡು ಮನೆಯ ಪಾಯಕ್ಕೆ ಸೇರಿದರೆ ಆ ಊರಿನ ಒಂಬೈನೂರು ವರ್ಷದ ಸಾಕ್ಷಿ ಮುಗಿಯಿತು.

ಆ ಗುರುತುಗಳ ನಿಜವಾದ ಅರ್ಥ ಇದು. ಸೂರ್ಯ ಚಂದ್ರರು ಇರುವವರೆಗೆ ಈ ದಾನ ನಡೆಯಲಿ ಎಂಬುದಕ್ಕೆ ಅವರ ಚಿತ್ರ. ಹಸು ಕರು ದಾನದ ಗುರುತು, ಕತ್ತಿ ರಾಜ್ಯದ ರಕ್ಷಣೆಯ ಗುರುತು. ಕೆಳಗಿನ ಬರಹ ಸಾಮಾನ್ಯವಾಗಿ ‘ಸ್ವಸ್ತಿ’ ಎಂದು ಆರಂಭವಾಗುತ್ತದೆ. ಆಮೇಲೆ ಆಳುವ ಅರಸನ ಹೆಸರು, ಶಕವರ್ಷ, ಸಂವತ್ಸರ, ತಿಥಿ, ವಾರ. ಆಮೇಲೆ ಯಾವ ದೇವರ ದೀಪಕ್ಕೆ, ಯಾವ ಮಠದ ಅನ್ನಕ್ಕೆ ಎಷ್ಟು ಮತ್ತರು ಭೂಮಿ. ಕೊನೆಗೆ ಈ ದಾನ ಕೆಡಿಸಿದವನು ಅರವತ್ತು ಸಾವಿರ ವರ್ಷ ಮಲದ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ. ಒಟ್ಟಿನಲ್ಲಿ ಶಾಸನವೆಂದರೆ ಅಂದಿನ ಜಾಹೀರು ನೋಟೀಸು. ತಲಾಠಿಯ ಚಾವಡಿಯ ಮುಂದೆ ಅಂಟಿಸಿದ ಕಾಗದದ ಹಾಗೆ, ಎಲ್ಲರೂ ಓದಲಿ ಎಂದೇ ಊರ ನಡುವೆ ನಿಲ್ಲಿಸಿದ್ದು. ಬಂಗಾರ ಬಚ್ಚಿಡುವವನು ಅದರ ಮೇಲೆ ಆಳೆತ್ತರದ ಬೋರ್ಡು ನೆಡುತ್ತಾನೆಯೇ?

ಗುಡಿಯ ಕೆಳಗೆ ಹೊನ್ನು ಇದೆಯೆಂಬ ನಂಬಿಕೆಗೆ ಒಂದು ಸಣ್ಣ ಬೀಜ ಇಲ್ಲದಿಲ್ಲ. ಆಗಮಶಾಸ್ತ್ರದಂತೆ ಗುಡಿ ಕಟ್ಟುವಾಗ ಪಾಯದಲ್ಲಿ ಗರ್ಭನ್ಯಾಸವೆಂದು ಒಂದು ಕಿರುಪೆಟ್ಟಿಗೆ ಇಡುತ್ತಾರೆ. ಅದರಲ್ಲಿ ಧಾನ್ಯದ ಕಾಳು, ಲೋಹದ ಚೂರು, ಸಣ್ಣ ಹರಳು. ಇಂದು ನಾವು ಮನೆಯ ಪಾಯಕ್ಕೆ ನವಧಾನ್ಯ, ಪಂಚಲೋಹ ಹಾಕುವುದಿಲ್ಲವೆ, ಹಾಗೆಯೇ. ಅದಕ್ಕಾಗಿ ಗರ್ಭಗುಡಿಯ ಹಾಸುಗಲ್ಲು ಎಬ್ಬಿಸಿದವನಿಗೆ ಆ ರಾತ್ರಿಯ ಕೂಲಿಯೂ ಗಿಟ್ಟುವುದಿಲ್ಲ. ಗಿಟ್ಟಿದರೂ ಕಾನೂನು ಇದೆ. 1878ರ ನಿಧಿ ಕಾಯಿದೆಯ ಪ್ರಕಾರ ನೆಲದಲ್ಲಿ ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿ ಮೀರಿದರೆ ಕಲೆಕ್ಟರರಿಗೆ ತಿಳಿಸಲೇಬೇಕು. ಮಾಟಮಂತ್ರದ ಹೆಸರಿನಲ್ಲಿ ಗುಪ್ತಧನಕ್ಕಾಗಿ ಅಮಾನುಷ ಕೃತ್ಯ ಮಾಡುವುದನ್ನು ಮಹಾರಾಷ್ಟ್ರದ 2013ರ ಕಾಯಿದೆ ಅಪರಾಧವೆಂದು ಸಾರಿದೆ.

ಅಂಥ ಕಲ್ಲಿನಲ್ಲಿ ನನಗೆ ಅತ್ಯಂತ ಸ್ವಾರಸ್ಯವೆನಿಸುವುದು ಎಲ್ಲೆಯ ಸಾಲುಗಳು. ದಾನದ ಭೂಮಿ ಎಲ್ಲಿದೆ ಎಂದು ಹೇಳುವಾಗ ಮೂಡಲು ಹಳ್ಳ, ತೆಂಕಲು ಹುಣಿಸೆಯ ಮರ, ಪಡುವಲು ದಾರಿ, ಬಡಗಲು ನಟ್ಟ ಕಲ್ಲು, ಹೀಗೆ ನಾಲ್ಕೂ ದಿಕ್ಕು ಕಟ್ಟಿಕೊಡುತ್ತಾರೆ. ಉಪಗ್ರಹ ಇಂದು ಸೊಲ್ಲಾಪುರವನ್ನು 17 ಅಂಶ 40 ಕಲೆ ಉತ್ತರ, 75 ಅಂಶ 55 ಕಲೆ ಪೂರ್ವ ಎಂದು ಹೇಳುತ್ತದೆ. ಅಂದಿನ ಸೇನಬೋವ ಅದೇ ಕೆಲಸವನ್ನು ಹಳ್ಳ ಮರಗಳಿಂದ ಮಾಡಿದ. ಹುಣಿಸೆ ಮರ ಹೋಗಿರಬಹುದು. ಹಳ್ಳ ಎಲ್ಲಿಗೆ ಹೋಗುತ್ತದೆ? ನಟ್ಟ ಕಲ್ಲು ಎಷ್ಟೋ ಕಡೆ ಇಂದಿಗೂ ಬಾಂದಗಲ್ಲಾಗಿ ನಿಂತಿರಬಹುದು. ಶಾಸನ ಓದಿಕೊಂಡು ಹೊಲದಲ್ಲಿ ಆ ನಾಲ್ಕು ಎಲ್ಲೆ ಹುಡುಕುವುದಕ್ಕಿಂತ ದೊಡ್ಡ ನಿಧಿಶೋಧ ಯಾವುದಿದೆ!

ಅಂಥ ಶೋಧವನ್ನು ಜೀವನವಿಡೀ ಮಾಡಿದವರು ನಮ್ಮ ಸೊಲ್ಲಾಪುರದಲ್ಲೇ ಇದ್ದರು. ಆನಂದ ಕುಂಭಾರ ಅವರು ಹಳ್ಳಿಯಿಂದ ಹಳ್ಳಿಗೆ ತಿರುಗಿ, ಯಾವ ವಿದ್ಯಾಪೀಠದ ಕುರ್ಚಿಯೂ ಇಲ್ಲದೆ, ಜಿಲ್ಲೆಯ ಶಾಸನಗಳನ್ನು ಕಲೆಹಾಕಿದರು. ಧಾರವಾಡದ ವಿದ್ವಾಂಸ ಶ್ರೀನಿವಾಸ ರಿತ್ತಿಯವರೊಡನೆ ಸೇರಿ 1988ರಲ್ಲಿ ಸೊಲ್ಲಾಪುರ ಜಿಲ್ಲೆಯ ಶಾಸನಗಳ ಸಂಪುಟವನ್ನು ಹೊರತಂದರು. ಅದರಲ್ಲಿ ಹೆಚ್ಚಿನವು ಕನ್ನಡ ಶಾಸನಗಳು. ಅವರು 2019ರಲ್ಲಿ ತೀರಿಕೊಂಡರು. ಒಬ್ಬ ಮರಾಠಿ ಬರಹಗಾರ ಕನ್ನಡ ಶಾಸನಗಳಿಗಾಗಿ ಇಷ್ಟು ಸವೆದದ್ದನ್ನು ನಾವು ನೆನೆಯಬೇಕು. ಗಡಿ ಯಾವ ಕಡೆಗೆ ಇರಬೇಕೆಂಬ ವಾದವನ್ನು ಇಲ್ಲಿಗೆ ತರುವುದು ಬೇಡ. ಕಲ್ಲುಗಳಿಗೆ ಆ ವಾದ ಗೊತ್ತಿಲ್ಲ.

ಅದಕ್ಕೆ ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ ಕೂಡಲವೇ ಸಾಕ್ಷಿ. ಭೀಮೆಯೂ ಸೀನೆಯೂ ಕೂಡುವ ಜಾಗ, ಅದಕ್ಕೇ ಕನ್ನಡದಲ್ಲಿ ಕೂಡಲ. ಅಲ್ಲಿಯ ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ ಮರಾಠಿ ಬರಹವಿದೆ. ಶಕಕ್ಕೆ 78 ಕೂಡಿಸಿದರೆ ಇಸವಿ 1018. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಇದೊಂದು. ಇದನ್ನು ಓದಿದವನು ವಿಜಯಿಯಾಗುತ್ತಾನೆ ಎಂಬ ಅರ್ಥದ ಮಾತು ಅದರ ಕೊನೆಗೆ ಬರುತ್ತದೆ. ಅಗೆದವನಿಗೆ ಎಂದು ಬರೆದಿಲ್ಲ, ಓದಿದವನಿಗೆ ಎಂದು ಬರೆದಿದೆ. ಕನ್ನಡ ಹೆಸರಿನ ಊರಿನಲ್ಲಿ ಮರಾಠಿಯ ಹಿರಿಯ ಶಾಸನ. ಅತ್ತ ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ಹಳೆಯ ಮರಾಠಿ ಸಾಲು. ಲೆಕ್ಕ ಸರಿಯಾಯಿತು.

ಸಂಗಮೇಶ್ವರನ ಮಗ್ಗುಲಿನ ಹರಿಹರೇಶ್ವರ ಗುಡಿ ಬಹುಕಾಲ ಮಣ್ಣಿನ ದಿಬ್ಬವಾಗಿ ಬಿದ್ದಿತ್ತು. ಅಭ್ಯಾಸಕರೂ ವಿದ್ಯಾರ್ಥಿಗಳೂ ಸೇರಿ ಮಣ್ಣು ತೆಗೆಯುತ್ತ ಬಂದರು. 1999ರಲ್ಲಿ ಅಲ್ಲಿ ಒಂದು ಲಿಂಗ ಹೊರಬಂತು. ಅದರ ಮೈತುಂಬ ಸಾಲುಸಾಲಾಗಿ ಕೊರೆದ 359 ಮುಖಗಳು. ಲಿಂಗವನ್ನೇ ಒಂದು ಮುಖವೆಂದು ಕೂಡಿಸಿದರೆ 360 ಆಯಿತು ಎನ್ನುತ್ತಾರೆ. ತೂಕ ನಾಲ್ಕೂವರೆ ಟನ್ನು ಎಂದು ಹೇಳುತ್ತಾರೆ. ಇದನ್ನು ರಾತ್ರಿ ಬಂದ ಮಂದಿ ಮೊದಲು ಕಂಡಿದ್ದರೆ ಏನಾಗುತ್ತಿತ್ತು? ಒಳಗೆ ಹೊನ್ನು ಇರಬಹುದೆಂದು ಸುತ್ತಿಗೆ ಹಾಕುತ್ತಿದ್ದರು. ಹಗಲಿನಲ್ಲಿ, ತಿಳಿದವರ ಕಣ್ಣೆದುರು, ಪದರಪದರವಾಗಿ ಮಣ್ಣು ತೆಗೆದದ್ದರಿಂದ ಅದು ಇಡಿಯಾಗಿ ಉಳಿಯಿತು. ಉತ್ಖನನ ಎಂಬುದು ಪರವಾನಗಿ ಪಡೆದ ಶಾಸ್ತ್ರಜ್ಞರ ಕೆಲಸ. ನಮ್ಮ ಪಾಲಿನ ಕೆಲಸ ನೆಲದ ಮೇಲೆಯೇ ಬೇಕಾದಷ್ಟು ಬಿದ್ದಿದೆ.

ಆದ್ದರಿಂದ ಗಡಿಭಾಗದ ಶಾಲೆಗಳ ಗುರುಗಳಿಗೆ ಒಂದು ಸೂಚನೆ. ಆ ಇಂಗ್ಲಿಷ್ ಚರ್ಚಿನ ಆಟವನ್ನು ನಮ್ಮ ಊರಿನಲ್ಲಿ ಆಡಿಸಬಹುದು. ಉಪಗ್ರಹದ ಹಂಗು ಬೇಡ, ಮಕ್ಕಳ ಹೆಜ್ಜೆ ಸಾಕು. ಮೊದಲು ಪಂಚಾಯತಿ, ಪೂಜಾರಿ, ಹೊಲದ ಧಣಿ, ಎಲ್ಲರ ಒಪ್ಪಿಗೆ ಪಡೆಯಿರಿ. ಊರ ಹಿರೇರನ್ನು ಕೂರಿಸಿಕೊಂಡು ಬರಹದ ಕಲ್ಲು, ವೀರಗಲ್ಲು, ಕೈಯ ಚಿತ್ರವಿರುವ ಮಾಸ್ತಿಗಲ್ಲು ಎಲ್ಲೆಲ್ಲಿ ಇವೆಯೆಂದು ಪಟ್ಟಿ ಮಾಡಿರಿ. ಕಲ್ಲಿಗೆ ಎಣ್ಣೆಬಣ್ಣ ಬಳಿದಿದ್ದರೆ ಕೆರೆಯಲು ಹೋಗಬೇಡಿ. ಆಸಿಡ್ ಅಂತೂ ಬೇಡವೇ ಬೇಡ. ತಿಳಿನೀರು, ಮೆತ್ತನೆಯ ಬ್ರಷ್ಷು, ಅಷ್ಟೇ. ಅಕ್ಷರ ಕಾಣದಿದ್ದರೆ ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬೀಳುವವರೆಗೆ ಕಾಯಿರಿ. ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಬಿಸಿಲು ತಲುಪದ ಮೂಲೆಯಾದರೆ ಒಂದು ಕನ್ನಡಿ ಹಿಡಿದು ಬೆಳಕನ್ನು ಅಡ್ಡಡ್ಡ ಬಿಡಿರಿ. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ, ಒಂದು ಫೋಟೋ ತೆಗೆದು ಶಾಲೆಯಲ್ಲಿ ಇಡಿರಿ. ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್ಷಿನಿಂದ ತಟ್ಟಿ, ಮೇಲೆ ಮಸಿಯ ಮೆತ್ತೆ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಅದನ್ನು ಅವರಿಗೇ ಬಿಡುವುದು ಒಳ್ಳೆಯದು.

ಆಮೇಲೆ ಚೀಟಿಗಳು. ಒಂದು ಕನ್ನಡದಲ್ಲಿ, ಮುಂದಿನದು ಮರಾಠಿಯಲ್ಲಿ, ಹಾಗೆ ಎರಡೂ ಮಾಧ್ಯಮದ ಮಕ್ಕಳು ಜೋಡಿಯಾಗಿ ಹೋಗಲೇಬೇಕಾಗುತ್ತದೆ. ಮೊದಲ ಚೀಟಿ ಹೀಗಿರಬಹುದು: ಅಗಸಿಯಿಂದ ಹನುಮಂತನ ಗುಡಿಗೆ ಬರುವಾಗ ಹಸು ಕರು ಇರುವ ಕಲ್ಲು ಹುಡುಕು, ಅದರ ಕೆಳಗೆ ಬರಹದ ಸಾಲು ಎಷ್ಟೆಂದು ಎಣಿಸು, ಅಷ್ಟು ಹೆಜ್ಜೆ ಬಡಗಲಿಗೆ ನಡೆ. ಎರಡನೆಯದು ವೀರಗಲ್ಲಿನದು: ಕೆಳಗಿನ ಪಟ್ಟಿಯಲ್ಲಿ ಕಾದಾಡುವವರು ಎಷ್ಟು ಜನ, ನಡುವಿನ ಪಟ್ಟಿಯಲ್ಲಿ ವೀರನನ್ನು ಸ್ವರ್ಗಕ್ಕೆ ಒಯ್ಯುವವರು ಎಷ್ಟು ಜನ, ಮೇಲಿನ ಪಟ್ಟಿಯಲ್ಲಿ ಅವನು ಯಾರ ಮುಂದೆ ಕೂತಿದ್ದಾನೆ? ಮೂರನೆಯದು ಶಕದ ಅಂಕಿ ಓದಿ 78 ಕೂಡಿಸುವ ಲೆಕ್ಕ. ಕೊನೆಯ ಡಬ್ಬಿಯನ್ನು ಮಾತ್ರ ಕಲ್ಲಿನ ಬುಡದಲ್ಲಿ ಇಡಬೇಡಿ, ಗುಡಿಯಲ್ಲೂ ಬೇಡ. ಪಂಚಾಯತಿ ಕಚೇರಿಯ ಕಪಾಟಿನಲ್ಲೋ ಶಾಲೆಯ ವಾಚನಾಲಯದಲ್ಲೋ ಇರಲಿ. ಒಳಗೆ ಊಟದ ಡಬ್ಬಿಯಷ್ಟು ಪೆಪ್ಪರಮೆಂಟು, ಒಂದು ಪೆನ್ಸಿಲ್ಲು, ಮತ್ತು ಒಂದು ಗಟ್ಟಿ ರಟ್ಟಿನ ವಹಿ. ಹುಡುಕಿದ ಮಕ್ಕಳು ತಮ್ಮ ಹೆಸರನ್ನೂ, ಕಂಡ ಕಲ್ಲುಗಳ ಜಾಗವನ್ನೂ, ಅವು ಅಂದು ಹೇಗಿದ್ದವು ಎಂಬುದನ್ನೂ ಅದರಲ್ಲಿ ಬರೆದಿಡಲಿ. ಮುಂದಿನ ಸಂಕ್ರಾಂತಿಗೆ ಮತ್ತೊಂದು ವರ್ಗದ ಮಕ್ಕಳು ಅದೇ ವಹಿ ಹಿಡಿದು ಹೊರಟಾಗ, ಯಾವ ಕಲ್ಲು ಜಾಗ ಬಿಟ್ಟಿದೆ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ.